ಮೂವತ್ತು ಕಿಲೋ

ಇಪ್ಪತ್ತೆರಡು ವರ್ಷದ ವೀಸಾ ರದ್ದಾದ ರಾತ್ರಿ
ಮುಹರ್ರಕ್ಕಿನ ಕೋಣೆಯಲ್ಲಿ, ಮೀನು ತೂಗುವ ಕೊಕ್ಕೆಗೆ
ಪೆಟ್ಟಿಗೆ ನೇತುಹಾಕಿ ನೋಡಿದೆ: ನಲವತ್ತೊಂದು.
ವಿಮಾನದವರು ಬಿಡುವುದು ಮೂವತ್ತು.
ಹೆಚ್ಚಾದ ಹನ್ನೊಂದು ಕಿಲೋ
ಚಿನ್ನದ್ದಲ್ಲ, ಖರ್ಜೂರದ್ದಲ್ಲ,
ಅಮೆರಿಕದ ಒಬ್ಬ ತಮಾಷೆಗಾರನದ್ದು.

ಸತ್ತು ನೂರು ವರ್ಷ ದಾಟಿದ ಮನುಷ್ಯ.
ಇನ್ನೂ ಇಷ್ಟು ಭಾರ.

ಅವಾಲಿಯ ಬಂಗಲೆಯಲ್ಲಿ ಏಸಿಗೆ ಗ್ಯಾಸ್ ತುಂಬಿಸಿ ಇಳಿದಾಗ
ಊರಿಗೆ ಹೊರಟಿದ್ದ ವಿಟ್ಲಾಕ್ ಮೇಡಮ್ಮು
ದುಡ್ಡಿನ ಜೊತೆ ಹಸಿರು ರಟ್ಟಿನ ಒಂಬತ್ತು ಸಂಪುಟ ಕೊಟ್ಟಳು.
'ಓದಲೇಬೇಕಾದವು' ಅಂದಳು,
ಊಟದ ನಂತರ ಎರಡು ಮಾತ್ರೆ ಅನ್ನುವ ಹಾಗೆ.

ನನಗೆ ಬರುತ್ತಿದ್ದದ್ದು ಕಂಪ್ರೆಸರ್ ಕೈಪಿಡಿಯ ಇಂಗ್ಲಿಷು.
ಅದರಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ.

ಮೊದಲ ಸಂಪುಟಕ್ಕೆ ಎಂಟು ತಿಂಗಳು ಹಿಡಿಯಿತು.
ಅರ್ಧ ಶಬ್ದ ಡಿಕ್ಷನರಿಯಲ್ಲೇ ಇಲ್ಲ,
ಅಚ್ಚಿನವನ ತಪ್ಪೆಂದು ಪೆನ್ಸಿಲಿನಲ್ಲಿ ತಿದ್ದುತ್ತ ಹೋದೆ.
ನೂರನೇ ಪುಟದ ಆಚೆ ಗೊತ್ತಾಯಿತು:
ತಪ್ಪಲ್ಲ, ಬಾಯಿ ಅದು.
ಉಳ್ಳಾಲದ ದಕ್ಕೆಯ ಮಾತನ್ನು
ಉಪ್ಪು ತೊಳೆಯದೆ ಪುಸ್ತಕಕ್ಕೆ ಹಾಕಿದ ಹಾಗೆ.
ತಿದ್ದಿದ್ದನ್ನೆಲ್ಲ ರಬ್ಬರಿನಿಂದ ಅಳಿಸಿದೆ.
ಅದಕ್ಕೇ ಎರಡು ಶುಕ್ರವಾರ ಬೇಕಾಯಿತು.

ಆಮೇಲೆ ಗುರುವಾರ ರಾತ್ರಿಗಳಲ್ಲಿ
ಬಂಕಿನ ಮೇಲೆ ಕೂತು ಕನ್ನಡದಲ್ಲಿ ಹೇಳತೊಡಗಿದೆ.
ಅವನ ನದಿ ನನ್ನ ಬಾಯಲ್ಲಿ ನೇತ್ರಾವತಿಗಿಂತ ಸಣ್ಣದಾಗಲಿಲ್ಲ,
ಅಷ್ಟು ಕಾಪಾಡಿದೆ. ಉಳಿದದ್ದಕ್ಕೆ ಜವಾಬ್ದಾರಿಯಿಲ್ಲ.
ಡೆನ್ಜಿಲ್ ಕ್ರಾಸ್ತಾ ಜೋಕು ಬರುವ ಮುಂಚೆಯೇ ನಗುತ್ತಿದ್ದ;
ನೇಪಾಳದ ಧನಬೀರ, ಒಂದಕ್ಷರ ತಿಳಿಯದಿದ್ದರೂ,
ಡೆನ್ಜಿಲನನ್ನು ನೋಡಿ.

ಚೆಯ್ಯಬ್ಬ ಮಾತ್ರ ಈರುಳ್ಳಿ ಹೆಚ್ಚುತ್ತ ಕೂತಿರುತ್ತಿದ್ದ.
ಮನುಷ್ಯನೊಬ್ಬನಿಗೆ ಇಂತಿಷ್ಟು ಎಂದು ಬೆಲೆ ಕಟ್ಟುವ ಜಾಗ ಬಂತು,
ಅವನು ರಾತ್ರೋರಾತ್ರಿ ಓಡಿಹೋಗುವುದು ಬಂತು.
ಚೂರಿ ನಿಂತಿತು.
'ಅವನ ಪಾಸ್‌ಪೋರ್ಟು ಯಾರ ಹತ್ತಿರ ಇತ್ತು?'

ಆ ಕಾಲದಲ್ಲಿ ಪಾಸ್‌ಪೋರ್ಟು ಇರಲಿಲ್ಲ ಮಾರಾಯ, ಅಂದೆ.
ಹೂಂ, ಅಂದ.
ಡೆನ್ಜಿಲ್ ನಗಲು ಬಾಯಿ ತೆರೆದವನು ಆಕಳಿಸಿದ.
ಏಸಿ ಸದ್ದು ಮಾಡುತ್ತಿತ್ತು. ನನ್ನದೇ ರಿಪೇರಿ.

ಈಗ ಹೇಳಿ, ಯಾವುದು ಓದಲೇಬೇಕಾದದ್ದು?
ಮೈದುನನ ಡ್ರಿಲ್ಲಿಂಗ್ ಮೆಷಿನ್ ತೆಗೆದೆ. ಬೈಯಲಿ.
ಹುಲಿಯ ಚಿತ್ರದ ಕಂಬಳಿ ತೆಗೆದೆ,
ಹುಲಿ ಧನಬೀರನ ಮಂಚಕ್ಕೆ ಹೋಯಿತು.
ಪುಣ್ಯಕ್ಷೇತ್ರಗಳಿಗೆ ಹೋಗಿ ಗೈಡುಗಳ ಜೀವ ತಿಂದ ಎರಡು ಸಂಪುಟ
ಡೆನ್ಜಿಲನಿಗೆ; ಅವನಿಗೆ ವೆಲಂಕಣ್ಣಿಯಲ್ಲಿ ಆದದ್ದೂ ಅದೇ.
ರಾಜರು ಕತ್ತಿ ಹಿಡಿದು ಒದ್ದಾಡುವುದನ್ನು
ಕೆಳಗಿನ ಮನೆಯ ಮಲಯಾಳಿ ಮೇಷ್ಟರಿಗೆ ಕೊಟ್ಟೆ.
ಮುಪ್ಪಿನಲ್ಲಿ, ಮನೆ ಖಾಲಿಯಾದ ಮೇಲೆ ಬರೆದದ್ದು ಇರಲಿ ನನಗೆ.
ನಗು ಅಲ್ಲೇ ಇದೆ ಅದರಲ್ಲಿ,
ಹಲ್ಲು ಮಾತ್ರ ಹೆಚ್ಚು ಕಾಣುತ್ತದೆ.

ನದಿಯದ್ದನ್ನು ಪೆಟ್ಟಿಗೆಯ ತಳಕ್ಕೆ ಮೊದಲೇ ಇಟ್ಟಿದ್ದೆ,
ಸೀರೆಗಳ ಕೆಳಗೆ, ತೆಗೆಯಲು ಬಾರದ ಹಾಗೆ.
ಚೆಯ್ಯಬ್ಬ ಬಾಗಿಲಲ್ಲಿ ನಿಂತು ಕೇಳಿದ:
'ಅವನು ಓಡಿಹೋದದ್ದು ಎಷ್ಟನೇ ಪುಟ?'
ಇಂಗ್ಲಿಷು ಬಿಡಿ, ಸಂಬಳದ ಚೀಟಿಗೂ ಹೆಬ್ಬೆಟ್ಟು ಅವನದು.
ಸೀರೆಗಳನ್ನೆಲ್ಲ ಹೊರಗೆ ಹಾಕಿದೆ.
ಪುಟದ ಮೂಲೆ ಮಡಚಿ ಕೊಟ್ಟೆ.
ಎರಡೂ ಕೈಯಲ್ಲಿ ತೆಗೆದುಕೊಂಡು ತೂಗಿ ನೋಡಿದ,
ಮೀನುಮಾರುಕಟ್ಟೆಯ ಅಭ್ಯಾಸ.

ಮತ್ತೆ ಕೊಕ್ಕೆಗೆ ಹಾಕಿದೆ: ಮೂವತ್ತು ಪಾಯಿಂಟ್ ನಾಲ್ಕು.
ಆ ನಾನೂರು ಗ್ರಾಮಿಗೆ ಕೌಂಟರಿನಲ್ಲಿ
ಒಂದು ಸುಳ್ಳು ಹೇಳಬೇಕು, ಮುಖ ಗಂಟುಹಾಕಿಕೊಂಡು.
ಕಲಿತಿದ್ದೇನೆ.